ಅಪ್‌ಡೇಟ್: ಹ್ಯಾಮ್ ಸ್ಟೇಕ್, ಅನಾನಸ್ ಗ್ಲೇಜ್

ಇದ್ದಿಲ ಗ್ರಿಲ್ ಮೇಲೆ ಗ್ಲೇಜ್ (ಮಾಂಸಕ್ಕೆ ಸವರೋ ಸಿಹಿ ಪಾಕ) ಸೀದು ಕಹಿಯಾಗುತ್ತೆ, ಹ್ಯಾಮ್ (ಉಪ್ಪಲ್ಲಿ ಹದ ಮಾಡಿದ ಹಂದಿ ತೊಡೆ ಮಾಂಸ) ಸ್ಲೈಸಿನ ಅಂಚು ಮೇಲೇಳುತ್ತೆ, ಏನು ಮಾಡೋದು ಅಂತ ಹಿಂದೆ ಕೇಳಿದ್ದೆ. ಎರಡೂ ಸರಿಹೋಯ್ತು, ಗೋವಾದ ಮಡಗಾಂವ್‌ನಲ್ಲಿ ಸಿಗೋ ಸಾಮಾನಲ್ಲೇ.

ಸ್ಲೈಸ್ 1.5 ಸೆಂ.ಮೀ. ದಪ್ಪ ಬೇಕು, ತೆಳು ಸ್ಯಾಂಡ್‌ವಿಚ್ ಹ್ಯಾಮ್ ಇದಕ್ಕೆ ದಂಡ. ಬಿಸಿಗೆ ಅಂಚಿನ ಕೊಬ್ಬಿನ ಪಟ್ಟಿ ಬೇಗ ಕುಗ್ಗಿ ಮಾಂಸವನ್ನ ಎಳೆಯುತ್ತೆ, ಅದಕ್ಕೇ ಬಟ್ಟಲಿನ ಥರ ಆಗೋದು. ಕೊಬ್ಬಿಗೆ ಮಾತ್ರ 2-3 ಸೆಂ.ಮೀ.ಗೊಂದು ಕಚ್ಚು ಹಾಕಿ.

ಗ್ಲೇಜ್‌ಗೆ ಅನಾನಸ್ ರಸ 200 ಮಿ.ಲೀ., ಗೋವಾದ ಕಪ್ಪು ತೆಂಗಿನ ಬೆಲ್ಲ 50 ಗ್ರಾಂ, ಕಳ್ಳಿನ ವಿನೆಗರ್ 1 ದೊಡ್ಡ ಚಮಚ, ಸಾಸಿವೆ ಪೇಸ್ಟ್ 1 ಸಣ್ಣ ಚಮಚ. ಅರ್ಧಕ್ಕಿಂತ ಕಮ್ಮಿ ಆಗೋವರೆಗೆ ಕುದಿಸಿ. ಸೌಟಿನ ಬೆನ್ನ ಮೇಲೆ ಬೆರಳಿನ ಗೀರು ಹಾಗೇ ನಿಲ್ಲಬೇಕು. ಉಪ್ಪು ಬೇಡವೇ ಬೇಡ, ಹ್ಯಾಮಲ್ಲೇ ಬೇಕಾದಷ್ಟಿದೆ.

ಕೆಂಡ ಒಂದು ಬದಿಗೆ ತಳ್ಳಿ. ತೇವ ಒರೆಸಿದ ಹ್ಯಾಮನ್ನ ಕೆಂಡದ ಮೇಲೆ ಒಂದೊಂದು ಮಗ್ಗುಲು 3 ನಿಮಿಷ ಸುಡಿ, ಗ್ಲೇಜ್ ಹಚ್ಚದೆ. ಆಮೇಲೆ ಕೆಂಡ ಇಲ್ಲದ ಕಡೆ ಸರಿಸಿ ಸವರಿ, ಒಂದು ನಿಮಿಷಕ್ಕೆ ತಿರುವಿ ಮತ್ತೆ ಸವರಿ. ಸಕ್ಕರೆ ಅಂಶಕ್ಕೆ ನೇರ ಕೆಂಡ ತಾಗಿದ್ರೆ ಕೆಟ್ಟ ಹಾಗೇ.

ಮಾಂಸದ ಒಳಗೆ 60 ಡಿಗ್ರಿ ಸೆಲ್ಸಿಯಸ್ ಬಂದ್ರೆ ತೆಗೀರಿ. ಇದು ಮೊದಲೇ ಬೆಂದ ಹ್ಯಾಮಿನ ಲೆಕ್ಕ. ಹಸಿಯದ್ದಾದ್ರೆ 63 ಮುಟ್ಟಿಸಿ, 3 ನಿಮಿಷ ಬಿಟ್ಟು ಕತ್ತರಿಸಿ.