ಮಂಡ್ಯ ಗಾಡಿ, ಮೂರು ಇನ್ಶೂರೆನ್ಸ್ ಕೊಟೇಷನ್: 7,260ರಿಂದ 14,900ರವರೆಗೆ. ಇಷ್ಟೊಂದು ವ್ಯತ್ಯಾಸ ಯಾಕೆ?

ಮದ್ದೂರು_ಕೆಎ11

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ಹ್ಯಾಚ್‌ಬ್ಯಾಕ್, 1197 ಸಿಸಿ, ಕೆಎ-11 ರಿಜಿಸ್ಟ್ರೇಷನ್, ನಾಲ್ಕು ವರ್ಷ ತುಂಬಿದೆ. ಒಂದೂ ಕ್ಲೇಮ್ ಇಲ್ಲ, ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ) 45% ಬರುತ್ತೆ. ಓಡಾಟ ಮದ್ದೂರು, ಮಂಡ್ಯ, ಮೈಸೂರು ಅಷ್ಟೇ. ರಿನ್ಯೂವಲ್‌ಗೆ ಮೂರು ಕೊಟೇಷನ್ ಬಂದಿದೆ, ಎಲ್ಲದರಲ್ಲೂ ಜಿಎಸ್‌ಟಿ ಸೇರಿದೆ:

1) ಸರ್ಕಾರಿ ಕಂಪನಿ, ಏಜೆಂಟ್ ಮೂಲಕ: ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿರೋ ಬೆಲೆ) 4,10,000, ಜೀರೋ ಡೆಪ್ (ರಿಪೇರಿಯಲ್ಲಿ ಬಿಡಿಭಾಗಗಳ ಸವಕಳಿ ಕಡಿತ ಮಾಡದ ಕವರ್) ಇದೆ. 9,840 ರೂ.
2) ಆನ್‌ಲೈನ್: ಐಡಿವಿ 3,55,000, ಜೀರೋ ಡೆಪ್ ಇಲ್ಲ. 7,260 ರೂ.
3) ಶೋರೂಂ: ಐಡಿವಿ 4,10,000, ಜೀರೋ ಡೆಪ್, ಇಂಜಿನ್ ಕವರ್, ಕನ್ಸ್ಯೂಮಬಲ್ಸ್ (ನಟ್ಟು, ಬೋಲ್ಟು, ಕೂಲೆಂಟ್ ಥರದ್ದು), ಕೀ ಕವರ್, ಟಯರ್ ಕವರ್. 14,900 ರೂ.

ಯಾವುದು ತಗೊಳ್ಳೋದು? ಬೆಂಗಳೂರು ಗಾಡಿಗೆ ಜಾಸ್ತಿ, ನಮ್ಮ ಕಡೆ ಗಾಡಿಗೆ ಕಡಿಮೆ ಅಂತಾರಲ್ಲ, ಅದು ನಿಜವಾ?

ಕುವೆಂಪುನಗರ_ಪಾಲಿಸಿ

ಮೊದಲು ಥರ್ಡ್ ಪಾರ್ಟಿ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ಕವರ್) ಹಣವನ್ನು ಪಕ್ಕಕ್ಕಿಡಿ. 1000ದಿಂದ 1500 ಸಿಸಿ ಕಾರಿಗೆ ಅದು 3,416 ರೂ. (2022ರ ಜೂನ್‌ನಲ್ಲಿ ನಿಗದಿಯಾದ ದರ), 18% ಜಿಎಸ್‌ಟಿ ಸೇರಿದರೆ 4,031. ಸರ್ಕಾರಿ ಕಂಪನಿಯಾಗಲಿ, ಆನ್‌ಲೈನ್ ಆಗಲಿ, ಒಂದು ರೂಪಾಯಿಯೂ ಆಚೀಚೆ ಆಗುವಂತಿಲ್ಲ. ಅದನ್ನು ಕಳೆದರೆ ನಿಮ್ಮ ಕೊಟೇಷನ್‌ಗಳು 5,809, 3,229, 10,869. ಹೋಲಿಸಬೇಕಾದದ್ದು ಈ ಮೂರು ಅಂಕಿಗಳನ್ನು.

ಎರಡನೆಯದು ಅಗ್ಗವಾಗಿ ಕಾಣುವುದಕ್ಕೆ ಐಡಿವಿ ಇಳಿಸಿರುವುದೂ ಒಂದು ಕಾರಣ. ನಿಮ್ಮ ಕಾರಿನ ಓನ್ ಡ್ಯಾಮೇಜ್ (ಸ್ವಂತ ಕಾರಿಗೆ ಆಗುವ ಹಾನಿಯ ಕವರ್) ಮೂಲ ದರ ಐಡಿವಿಯ 3.191%. ಮೊದಲ ಕೊಟೇಷನ್‌ನಲ್ಲಿ ಅದರ ಮೇಲೆ ಸುಮಾರು 60% ಡಿಸ್ಕೌಂಟ್, ಆಮೇಲೆ 45% ಎನ್‌ಸಿಬಿ ಬಿಟ್ಟಂತಿದೆ. ಅದೇ ಲೆಕ್ಕದಲ್ಲಿ ಐಡಿವಿ 55,000 ಇಳಿಸಿದರೆ ಉಳಿಯುವುದು ಜಿಎಸ್‌ಟಿ ಸೇರಿ ಸುಮಾರು 450 ರೂಪಾಯಿ. ಕಾರು ಕಳುವಾದರೆ, ಇಲ್ಲವೇ ರಿಪೇರಿ ಖರ್ಚು ಐಡಿವಿಯ 75% ದಾಟಿ ಟೋಟಲ್ ಲಾಸ್ ಆದರೆ, ಕೈಗೆ ಬರುವುದು 55,000 ಕಡಿಮೆ. 450 ರೂಪಾಯಿಗೆ ಈ ವ್ಯಾಪಾರ ಖಂಡಿತ ಬೇಡ. ಆನ್‌ಲೈನ್ ಪುಟದಲ್ಲೇ ಐಡಿವಿ ಬದಲಿಸಲು ಅವಕಾಶ ಇರುತ್ತದೆ. 4,10,000 ಹಾಕಿ, ಜೀರೋ ಡೆಪ್ ಸೇರಿಸಿ, ಹೊಸ ಮೊತ್ತ ನೋಡಿ. ಆಗ ಅದೂ ಒಂದನೆಯದರ ಹತ್ತಿರಕ್ಕೇ ಬರುತ್ತದೆ.

ಊರಿನ ಪ್ರಶ್ನೆ: ನಿಜ, ಆದರೆ ತಲೆಕೆಡಿಸಿಕೊಳ್ಳುವಷ್ಟಿಲ್ಲ. ಬೆಂಗಳೂರು 'ಎ' ವಲಯ, ಮೈಸೂರು ಮಂಡ್ಯ 'ಬಿ' ವಲಯ. ನಿಮ್ಮ ವರ್ಗಕ್ಕೆ ಅಲ್ಲಿ 3.283%, ಇಲ್ಲಿ 3.191%. ಡಿಸ್ಕೌಂಟ್, ಎನ್‌ಸಿಬಿ ಎಲ್ಲ ಕಳೆದ ಮೇಲೆ ನಿಮಗೆ ಆಗುವ ವ್ಯತ್ಯಾಸ ನೂರು ರೂಪಾಯಿಯೂ ಇಲ್ಲ. ವಲಯ ನಿರ್ಧಾರವಾಗುವುದು ಕಾರು ಎಲ್ಲಿ ರಿಜಿಸ್ಟರ್ ಆಗಿದೆ ಎಂಬುದರಿಂದ, ಎಲ್ಲಿ ಓಡುತ್ತದೆ ಎಂಬುದರಿಂದ ಅಲ್ಲ.

ಹೆಬ್ಬಾಳ_ಬಾಡಿಶಾಪ್

ಮೇಲಿನ ಲೆಕ್ಕ ಸರಿಯಾಗಿದೆ. ಜೀರೋ ಡೆಪ್ ಮಾತ್ರ ಬಿಡಲೇಬೇಡಿ ಗುರು. ಮುಂದೆ ಹೋಗ್ತಿರೋ ಕಬ್ಬಿನ ಟ್ರಾಕ್ಟರ್ ಟ್ರೇಲರ್‌ಗೆ ರಾತ್ರಿ ಹೊತ್ತು ಗುದ್ದಿದ್ರೆ ಏನೇನು ಹೋಗುತ್ತೆ ನೋಡಿ. ಬಂಪರ್ 4,000, ಹೆಡ್‌ಲೈಟ್ 7,000, ಬಾನೆಟ್ 8,000 ಅಂತ ಇಟ್ಕೊಳ್ಳಿ. ಪ್ಲಾಸ್ಟಿಕ್‌ಗೆ 50% ಕಡಿತ, ನಾಲ್ಕು ದಾಟಿ ಐದು ವರ್ಷದೊಳಗಿನ ಗಾಡಿಯ ತಗಡಿಗೆ 35%. ಅಂದ್ರೆ ನಿಮ್ಮ ಜೇಬಿಂದ 2,000 + 3,500 + 2,800 = 8,300. ಅದರ ಮೇಲೆ 1,000 ಕಂಪಲ್ಸರಿ ಡಿಡಕ್ಟಿಬಲ್ (ಪ್ರತಿ ಕ್ಲೇಮ್‌ನಲ್ಲೂ ನೀವೇ ಕಟ್ಟಬೇಕಾದ ಮೊತ್ತ), ಪೇಂಟ್ ಸಾಮಗ್ರಿಯಲ್ಲಿ ಅರ್ಧ. ಜೀರೋ ಡೆಪ್ ಇದ್ರೆ ಆ 1,000, ಜೊತೆಗೆ ನಟ್ಟು ಬೋಲ್ಟು ಕೂಲೆಂಟ್ ಥರದ ಚಿಲ್ಲರೆ, ಅಷ್ಟೇ. ಒಂದನೇ ಕೊಟೇಷನ್‌ನಲ್ಲಿ ಅದಕ್ಕೆ ಹಿಡಿದಿರೋದು ಹೆಚ್ಚೂ ಕಡಿಮೆ 2,000.

ಮೂರನೆಯದರಲ್ಲಿ ಇಂಜಿನ್ ಕವರ್ ಒಂದು ಕೆಲಸದ್ದು. ಅಂಡರ್‌ಪಾಸ್ ನೀರಲ್ಲಿ ಗಾಡಿ ಆಫ್ ಆದಾಗ ಮತ್ತೆ ಸ್ಟಾರ್ಟ್ ಹೊಡೆದ್ರೆ ಸಿಲಿಂಡರ್ ಒಳಗೆ ನೀರು ಎಳೆದು ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಸಾದಾ ಪಾಲಿಸಿಯಲ್ಲಿ ಇದಕ್ಕೆ ದುಡ್ಡು ಕೊಡಲ್ಲ. ಇಂಜಿನ್ ಕವರ್ ಇದ್ರೂ ಮತ್ತೆ ಮತ್ತೆ ಸೆಲ್ಫ್ ಹೊಡೆದಿದ್ದು ಗೊತ್ತಾದ್ರೆ ತಕರಾರು ಬರುತ್ತೆ. ಆಫ್ ಆದ ಗಾಡಿನ ಹಾಗೇ ತಳ್ಳಿ, ಟೋ ಮಾಡಿಸಿ. ಸಾದಾ ಪಾಲಿಸಿಯಲ್ಲಿ ಟೋಯಿಂಗ್‌ಗೆ ಸಿಗೋದು 1,500 ರೂಪಾಯಿವರೆಗೆ ಮಾತ್ರ. ಕೀ, ಟಯರ್ ಕವರ್ ತೆಗೆಸಿಹಾಕಿ.

ನಮ್ಮ ಕಡೆಯದೇ ಇನ್ನೊಂದು: ಹುರುಳಿ ಒಕ್ಕಣೆ. ಸುಗ್ಗಿ ಟೈಮಲ್ಲಿ ರಸ್ತೆ ತುಂಬ ಹರಡಿರ್ತಾರಲ್ಲ, ಆ ಬಳ್ಳಿ ಮುಂದಿನ ಚಕ್ರದ ಆಕ್ಸಲ್‌ಗೆ ಹಗ್ಗದ ಥರ ಸುತ್ಕೊಳ್ಳುತ್ತೆ, ಕಾದಿರೋ ಸೈಲೆನ್ಸರ್ ಪೈಪ್‌ಗೆ ತಾಗಿ ಹೊತ್ಕೊಳ್ಳುತ್ತೆ. ದಾಟಿದ ಮೇಲೆ ಇಳಿದು, ಬಗ್ಗಿ ನೋಡಿ, ಇದ್ರೆ ಇಂಜಿನ್ ಆಫ್ ಮಾಡಿ ಕತ್ತರಿಸಿ ತೆಗೀರಿ. ಬೆಂಕಿ ಬಿದ್ರೆ ಓನ್ ಡ್ಯಾಮೇಜ್‌ನಲ್ಲಿ ಕ್ಲೇಮ್ ಇದೆ, ಬೇರೆ ಕವರ್ ಬೇಕಾಗಿಲ್ಲ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಏನೂ ಸಿಗಲ್ಲ. ಅಗ್ನಿಶಾಮಕ ದಳದ ವರದಿ, ಪೊಲೀಸ್ ದೂರಿನ ಪ್ರತಿ ಇಟ್ಕೊಳ್ಳಿ, ಸರ್ವೆಯರ್ ಬರೋವರೆಗೆ ಗಾಡಿ ಮುಟ್ಟಬೇಡಿ.

ಚಾಮುಂಡಿಪುರಂ_570004

ಒಂದು ಎಚ್ಚರಿಕೆ. ದಸರಾ ಸಮಯದಲ್ಲಿ ವೈಟ್ ಬೋರ್ಡ್ ಕಾರನ್ನು ಪರಿಚಯದವರು ಬಾಡಿಗೆಗೆ ಕೇಳುತ್ತಾರೆ. ದಯವಿಟ್ಟು ಕೊಡಬೇಡಿ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಓಡಾಟ ಇಲ್ಲವೇ ಇಲ್ಲ, ಅಪಘಾತವಾದರೆ ಕ್ಲೇಮ್ ನಿಲ್ಲುವುದಿಲ್ಲ. ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರಬೇಕು.

ಸಣ್ಣಪುಟ್ಟ ಗೀರಿಗೆ ಕ್ಲೇಮ್ ಹಾಕಬೇಡಿ. ಒಂದು ಕ್ಲೇಮ್ ಹಾಕಿದರೆ ಮುಂದಿನ ವರ್ಷ 50% ಆಗಬೇಕಿದ್ದ ಎನ್‌ಸಿಬಿ ಸೊನ್ನೆಗೆ ಇಳಿಯುತ್ತದೆ, ಆಮೇಲೆ 20, 25, 35, 45 ಎಂದು ಮತ್ತೆ ಮೆಟ್ಟಿಲು ಹತ್ತಬೇಕು. ಐಡಿವಿ ವರ್ಷ ವರ್ಷ ಇಳಿಯುವುದನ್ನು ಹಿಡಿದರೂ ನಿಮಗೆ ಐದು ವರ್ಷದಲ್ಲಿ ಹೋಗುವುದು ಸುಮಾರು 6,000. ಅದಕ್ಕಿಂತ ಕಡಿಮೆ ಬಿಲ್ ಆದರೆ ಕೈಯಿಂದಲೇ ಕಟ್ಟಿಬಿಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಇರುವ 45% ಕೂಡ ಹೋಗುತ್ತದೆ.

ಮದ್ದೂರು_ಕೆಎ11

ತುಂಬಾ ಉಪಕಾರ ಆಯ್ತು. ಶೋರೂಂನವರು, ನಮ್ಮಲ್ಲಿ ಪಾಲಿಸಿ ಮಾಡಿಸದಿದ್ರೆ ಇಲ್ಲಿ ಕ್ಯಾಶ್‌ಲೆಸ್ (ರಿಪೇರಿ ಬಿಲ್ ಕಂಪನಿಯೇ ನೇರವಾಗಿ ಕಟ್ಟೋದು) ಆಗಲ್ಲ ಅಂತಿದ್ದಾರೆ. ಹೌದಾ?

ಹೆಬ್ಬಾಳ_ಬಾಡಿಶಾಪ್

ಇಲ್ಲ. ಕ್ಯಾಶ್‌ಲೆಸ್ ಅನ್ನೋದು ವರ್ಕ್‌ಶಾಪ್‌ಗೂ ಇನ್ಶೂರೆನ್ಸ್ ಕಂಪನಿಗೂ ಇರೋ ಒಪ್ಪಂದ, ಪಾಲಿಸಿ ಯಾರು ಮಾರಿದ್ರು ಅನ್ನೋದಕ್ಕೆ ಸಂಬಂಧ ಇಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿ 571401 ಹಾಕಿ ಮಂಡ್ಯದ ಗ್ಯಾರೇಜ್ ಪಟ್ಟಿ ನೋಡಿ, ಮೈಸೂರಿಂದೂ ನೋಡಿ. ಆಮೇಲೆ ಆ ವರ್ಕ್‌ಶಾಪ್‌ನ ಬಾಡಿಶಾಪ್ ಅಡ್ವೈಸರ್‌ಗೆ ಫೋನ್ ಮಾಡಿ, ಈ ಕಂಪನಿಯದು ಈಗ ಕ್ಯಾಶ್‌ಲೆಸ್ ನಡೀತಿದೆಯಾ ಅಂತ ಕೇಳಿ. ಪಟ್ಟಿಯಲ್ಲಿದ್ರೂ ಒಪ್ಪಂದ ನಿಂತಿರೋದು ಉಂಟು. ದುಡ್ಡು ಕಟ್ಟೋಕೆ ಮುಂಚೆ ಈ ಫೋನ್ ಮಾಡ್ಬಿಡಿ.