ಟರ್ಬೊಗೆ ಕಬ್ಬಿಣದ ಬ್ಲಾಕೋ, ಅಲ್ಯೂಮಿನಿಯಂ ಬ್ಲಾಕೋ?

ಪ್ರಶ್ನೆ: ಜನರಲ್ ಮೋಟರ್ಸ್‌ನ ಎಲ್‌ಎಸ್ ವಿ8 ಎಂಜಿನ್ ಸರಣಿಯ 6.0 ಲೀಟರ್ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ ಒಡಲು) ಎರಡಿವೆ: ಕಬ್ಬಿಣದ ಎಲ್‌ಕ್ಯೂ4, ಅಲ್ಯೂಮಿನಿಯಂನ ಎಲ್‌ಎಸ್2. ಟರ್ಬೊ ಹಾಕಿ 1 ಬಾರ್ ಬೂಸ್ಟ್ (ಟರ್ಬೊ ಗಾಳಿ ತುಂಬುವ ಹೆಚ್ಚುವರಿ ಒತ್ತಡ) ಕೊಡಬೇಕು. ಯಾವುದು ಬಳಸಲಿ?

ಉತ್ತರ 1: ಬೂಸ್ಟ್ ಅಂದಮೇಲೆ ಕಬ್ಬಿಣವೇ. ಒತ್ತಡ ಏರಿದಾಗ ಸಿಲಿಂಡರ್ ಗೋಡೆ ಅಷ್ಟಾಗಿ ಅಲುಗುವುದಿಲ್ಲ, ಪಿಸ್ಟನ್ ರಿಂಗ್‌ನ ಸೀಲ್ ನಿಲ್ಲುತ್ತದೆ. ಸವೆದರೆ ಬೋರ್ (ಸಿಲಿಂಡರ್ ರಂಧ್ರ) ಹಿಗ್ಗಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಎಲ್‌ಎಸ್2ರ ತೆಳು ಲೈನರ್‌ನಲ್ಲಿ (ಸಿಲಿಂಡರ್ ಒಳಗಿನ ಕಬ್ಬಿಣದ ತೋಳು) ಹೋನಿಂಗ್‌ಗಷ್ಟೇ, ಅಂದರೆ ಗೋಡೆಯನ್ನು ನವಿರಾಗಿ ಉಜ್ಜುವುದಕ್ಕಷ್ಟೇ ಜಾಗ. ಸುಮಾರು 40 ಕೆಜಿ ಹೆಚ್ಚು ತೂಕ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಅಷ್ಟೇ.

ಉತ್ತರ 2: ಅಷ್ಟೇ ಅಂದ್ರೆ ಹೇಗೆ ಸರ್? ತಿರುವುಗಳಿರುವ ಟ್ರ್ಯಾಕ್‌ನಲ್ಲಿ ಆ ತೂಕವೇ ಸೋಲಿಸುತ್ತದೆ. ಆದರೆ ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕ್ರ್ಯಾಂಕ್‌ಶಾಫ್ಟ್ ಹಿಡಿಯುವ ಮೇನ್ ಬೇರಿಂಗ್ ಸಂದು ಅಗಲವಾಗಿ ಆಯಿಲ್ ಒತ್ತಡ ಇಳಿಯುತ್ತದೆ. ತಣ್ಣಗಿರುವಾಗ ಸಂದು ಸ್ವಲ್ಪ ಬಿಗಿಯಾಗಿಯೇ ಇರಲಿ. ಸಿಲಿಂಡರ್ ಹೆಡ್‌ಗೆ ಬೋಲ್ಟ್ ಬೇಡ, ಸ್ಟಡ್ (ತಲೆಯಿಲ್ಲದ ಥ್ರೆಡ್ ಕಡ್ಡಿ) ಹಾಕಿ. ಕೈಯಲ್ಲೇ ತಿರುಗಿಸಿ ಕೂರಿಸಿ, ನಟ್ ಮಾತ್ರ ಟಾರ್ಕ್ ಮಾಡಿ (ನಿಗದಿತ ಬಲಕ್ಕೆ ಬಿಗಿಯಿರಿ). ಬೋಲ್ಟನ್ನೇ ಪದೇ ಪದೇ ಬಿಚ್ಚಿ ಬಿಗಿದರೆ ಅಲ್ಯೂಮಿನಿಯಂ ಬ್ಲಾಕ್‌ನ ಥ್ರೆಡ್ ಕಿತ್ತು ಬರುತ್ತದೆ.

ಉತ್ತರ 3: ಯಾವ ಬ್ಲಾಕ್ ಆದರೂ ಹೆಡ್ ಬೋಲ್ಟ್ ಅಥವಾ ಸ್ಟಡ್ ಕೂರುವ ರಂಧ್ರಗಳ ತಳ ಒಣಗಿರಬೇಕು; ಕೂಲಂಟ್ ನಿಂತಿದ್ದರೆ ಬಿಗಿಯುವಾಗ ಬ್ಲಾಕ್ ಸೀಳುತ್ತದೆ. ಟಾರ್ಕ್ ಪ್ಲೇಟ್ (ಹೆಡ್ ಬಿಗಿದಾಗಿನ ಒತ್ತಡವನ್ನೇ ಕೊಡುವ ದಪ್ಪ ಫಲಕ) ಕಟ್ಟಿಯೇ ಹೋನ್ ಮಾಡಿಸಿ. 101.6 ಮಿ.ಮೀ. ಬೋರ್‌ಗೆ ಟಾಪ್ ರಿಂಗ್ ಗ್ಯಾಪ್ (ಮೇಲಿನ ಪಿಸ್ಟನ್ ರಿಂಗ್‌ನ ತುದಿಗಳ ನಡುವಿನ ಸಂದು) ಸುಮಾರು 0.6 ಮಿ.ಮೀ. ಇಡಿ. ಕಡಿಮೆಯಾದರೆ ರಿಂಗ್ ತುದಿಗಳು ಬಿಸಿಗೆ ಒಂದಕ್ಕೊಂದು ತಾಗಿ ಪಿಸ್ಟನ್ ಒಡೆಯುತ್ತದೆ, ಆಗ ಬ್ಲಾಕ್ ಯಾವುದಿದ್ದರೇನು!