ದವಡೆಯ ಗಂಟು: ಮೊದಲು ಬಯಾಪ್ಸಿಯೋ, ನೇರ ಆಪರೇಷನ್ನೋ? ಅನುಭವ ಇದ್ದವರು ತಿಳಿಸಿ

ಅರಕಲಗೂಡಿನಿಂದ ಕೋರಿಕೆ: ತಂಗಿಗೆ 24 ವರ್ಷ. ಹೊರಬರದ ಬುದ್ಧಿಹಲ್ಲಿನ ಸುತ್ತ ಚೀಲವಿರುವುದು ಓಪಿಜಿಯಲ್ಲಿ (ಇಡೀ ದವಡೆಯ ಎಕ್ಸ್‌ರೇ) ಕಂಡಿದೆ. ನೋವಿಲ್ಲ. ಹಾಸನದ ಒಬ್ಬ ವೈದ್ಯರು ‘ಡೆಂಟಿಜೀರಸ್ ಸಿಸ್ಟ್ (ಹೊರಬರದ ಹಲ್ಲಿನ ಸುತ್ತ ಆಗುವ ನೀರಿನ ಚೀಲ) ಇರಬಹುದು, ಹಲ್ಲಿನೊಂದಿಗೇ ತೆಗೆಯೋಣ’ ಎನ್ನುತ್ತಾರೆ. ಇನ್ನೊಬ್ಬರು ಮೊದಲು ಬಯಾಪ್ಸಿ (ಸಣ್ಣ ತುಂಡು ತೆಗೆದು ಪರೀಕ್ಷೆ) ಆಗಲಿ ಎನ್ನುತ್ತಾರೆ. ಏನು ಮಾಡಲಿ?

ಸಕಲೇಶಪುರದ ಬೆಳೆಗಾರ: ‘ಇರಬಹುದು’ ಎಂಬ ಆ ಮಾತೇ ನನ್ನ ದವಡೆ ತಿಂದದ್ದು. ನನಗೂ ಡೆಂಟಿಜೀರಸ್ ಎಂದೇ ಕೆರೆದು ತೆಗೆದರು. ಆಮೇಲೆ ಬಂದ ವರದಿಯಲ್ಲಿ ಯೂನಿಸಿಸ್ಟಿಕ್ ಅಮೆಲೋಬ್ಲಾಸ್ಟೋಮಾ, ಅಂದರೆ ಚೀಲದಂತೆ ಕಾಣುವ ದವಡೆಯ ಗಡ್ಡೆ, ಅದೂ ಮ್ಯೂರಲ್ ಎಂಬ ಬಗೆ. ಗಡ್ಡೆ ಚೀಲದ ಗೋಡೆಯೊಳಕ್ಕೇ ಇಳಿದಿತ್ತು. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಲ್ಲವು. ಕ್ಯಾನ್ಸರ್ ಅಲ್ಲ ಎಂದು ಸಮಾಧಾನ ಹೇಳಿದರು. ಅಲ್ಲದಿದ್ದರೇನು, ಮರಳಿ ಬೆಳೆಯಿತಲ್ಲ! ಕೊನೆಗೆ ಸುತ್ತಲಿನ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸಿ, ಕಾಲಿನ ಫಿಬುಲಾ ಮೂಳೆ ತಂದು ಜೋಡಿಸಿದರು. ಮೊದಲ ಆಪರೇಷನ್ 32,000, ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) 3,500, ಎರಡನೆಯದು 3,40,000, ಅದರಲ್ಲಿ ಪ್ಲೇಟೊಂದಕ್ಕೇ 48,000. ಮಳೆಗೆ ಶಿರಾಡಿ ಘಾಟಿ ಬಂದ್ ಆದಾಗ ಮಂಗಳೂರಿಗೆ ಸುತ್ತು ಹಾಕಿ ಹೋದ ಕಾರಿನ ಬಾಡಿಗೆ ಬೇರೆ. ಆ ವರ್ಷದ ಮೆಣಸೆಲ್ಲ ಅದಕ್ಕೇ ಹೋಯಿತು. ಕೆಳತುಟಿಯ ಬಲಭಾಗ ಇಂದಿಗೂ ಜೋಮು. ಕಾಫಿ ಸೋರಿ ಗಲ್ಲಕ್ಕಿಳಿದರೆ ಎದುರಿಗಿದ್ದವರು ಹೇಳಬೇಕು.

ಕಡೂರಿನ ನಿವೃತ್ತ ಶಿಕ್ಷಕ: ಹೆಣ್ಣುಮಗುವನ್ನು ಹೀಗೆ ಹೆದರಿಸಬೇಡಿ. ನನ್ನ ಮಗನಿಗೆ ಒಂದೇ ಸಲಕ್ಕೆ ಮುಗಿಯಿತು. ಹಲ್ಲಿನ ಕುತ್ತಿಗೆಗೆ ಅಂಟಿದ ಸಣ್ಣ ಚೀಲ, ಒಳಗೆ ಹಳದಿ ನೀರು. ವರದಿಯೂ ಡೆಂಟಿಜೀರಸ್ ಎಂದೇ ಬಂತು. ಔಷಧಿ ಸೇರಿ 18,500. ಎರಡೆರಡು ಸಲ ಬಾಯಿ ಕೊಯ್ಯಿಸಿಕೊಳ್ಳುವುದು ದುಡ್ಡಿದ್ದವರ ಮಾತು.

ಸಕಲೇಶಪುರದ ಬೆಳೆಗಾರ: ದುಡ್ಡಿದ್ದವರೇ? ಮೇಲಿನ ಲೆಕ್ಕ ಓದಿದಿರಾ ಮೇಷ್ಟ್ರೇ? ನಿಮ್ಮ ಮಗನದು ಅದೃಷ್ಟ. ಅದೃಷ್ಟವನ್ನು ಸಲಹೆಯೆಂದು ಹಂಚಬೇಡಿ.

ಕೊಪ್ಪದ ಗೃಹಿಣಿ: ಇಬ್ಬರೂ ಸ್ವಲ್ಪ ಸುಮ್ಮನಿರಿ. ನನ್ನದು ಕೆರಟೋಸಿಸ್ಟ್ ಎಂಬ ಇನ್ನೊಂದು ಬಗೆಯ ಚೀಲ. ಅದು ಮುಖದ ಮೇಲೆ ಉಬ್ಬದೆ ಮೂಳೆಯೊಳಗೇ ಉದ್ದಕ್ಕೆ ಹಬ್ಬುತ್ತದೆ, ಮೊಸರುಗಡ್ಡೆಯಂಥ ಬಿಳಿ ಪದಾರ್ಥ ಒಳಗೆ ತುಂಬಿತ್ತು. ಮೊದಲು ಬಯಾಪ್ಸಿ ಮಾಡಿಸಿದ್ದರಿಂದಲೇ ದವಡೆ ಉಳಿಯಿತು: ತೂತು ಮಾಡಿ ಟ್ಯೂಬ್ ಇಟ್ಟರು. ಊಟವಾದಾಗಲೆಲ್ಲ ಸಿರಿಂಜಿನಿಂದ ಸಲೈನ್ ಹಾಯಿಸಿ ತೊಳೆಯುವುದು ನನ್ನದೇ ಕೆಲಸ. ಚೀಲ ಕುಗ್ಗಿದ ಮೇಲೆ ತೆಗೆದು, ಉಳಿದ ಕಣಗಳನ್ನು ಸಾಯಿಸುವ ಕಾರ್ನಾಯ್ ದ್ರಾವಣ ಹಚ್ಚಿದರು. ವಿಮೆಯವರ ಕಾಟ ಮಾತ್ರ ಕೇಳಬೇಡಿ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗಡ್ಡೆ ಎಂದಿತು, 2017ರಲ್ಲಿ ಮತ್ತೆ ಸಿಸ್ಟ್ ಎಂದಿತು. ವರದಿಯಲ್ಲಿ ಒಂದು ಹೆಸರು, ಡಿಸ್ಚಾರ್ಜ್ ಕಾಗದದಲ್ಲಿ ಇನ್ನೊಂದು. 41,000 ರೂಪಾಯಿ ತಡೆಹಿಡಿದರು.

ಕಡೂರಿನ ನಿವೃತ್ತ ಶಿಕ್ಷಕ: ತಿಂಗಳುಗಟ್ಟಲೆ ಬಾಯಲ್ಲಿ ಟ್ಯೂಬ್! ಅದನ್ನು ಹೆಮ್ಮೆಯಿಂದ ಬೇರೆ ಹೇಳಿಕೊಳ್ಳುತ್ತೀರಿ.

ಕೊಪ್ಪದ ಗೃಹಿಣಿ: ಹೌದು, ಹೆಮ್ಮೆಯೇ. ಹೋಳಿಗೆಯಿಂದ ಚಕ್ಕುಲಿಯವರೆಗೆ ನನ್ನ ದವಡೆಯಲ್ಲೇ ಅಗಿಯುತ್ತೇನೆ.

ಅರಕಲಗೂಡಿನಿಂದ: ತಂಗಿಯ ಚೀಲ ಸುಮಾರು ಮೂರು ಸೆಂಟಿಮೀಟರ್. ಅಷ್ಟಿದ್ದರೆ?

ಹಾಸನದ ಲ್ಯಾಬ್ ಟೆಕ್ನೀಷಿಯನ್: ಬಯಾಪ್ಸಿಗೆ ಮೊದಲು ಸೂಜಿ ಹಾಕಿ ನೋಡಲಿ. ರಕ್ತವೇ ರಭಸದಿಂದ ಬಂದರೆ ರಕ್ತನಾಳದ ಗಂಟಿರಬಹುದು, ಅಲ್ಲಿ ಬ್ಲೇಡ್ ಇಡುವಂತಿಲ್ಲ. ಜೈಂಟ್ ಸೆಲ್ (ದೈತ್ಯಕೋಶಗಳ ಗಂಟು) ಎಂದು ವರದಿ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ನೋಡಿಸಬೇಕು. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟರೂ ದವಡೆಯಲ್ಲಿ ಹಾಗೇ ಕಾಣುತ್ತದೆ. ತೆಗೆದ ತುಂಡು ಕೆಡದಂತೆ ಕಾಯುವ ಫಾರ್ಮಾಲಿನ್ ದ್ರಾವಣದಲ್ಲೇ ಬರಬೇಕು. ಮೊನ್ನೆ ಒಬ್ಬರು ಜಾಮೂನಿನ ಡಬ್ಬಿಯಲ್ಲಿ ನಲ್ಲಿ ನೀರು ತುಂಬಿ ತಂದಿದ್ದರು.

ಸಕಲೇಶಪುರದ ಬೆಳೆಗಾರ: ಎಲ್ಲ ಸರಿ, ನನ್ನ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ತುಂಡು) ಕೊಡಲು ನಿಮ್ಮಂಥ ಒಂದು ಲ್ಯಾಬ್‌ನವರೇ ಎಷ್ಟು ಅಲೆದಾಡಿಸಿದರು?

ಹಾಸನದ ಲ್ಯಾಬ್ ಟೆಕ್ನೀಷಿಯನ್: ಯಾರೋ ಅಲೆದಾಡಿಸಿದ್ದಕ್ಕೆ ನಾನು ಉತ್ತರಿಸಬೇಕೇ? ಅರ್ಜಿ ಕೊಟ್ಟು, ಸಹಿ ಹಾಕಿ ಒಯ್ಯಿರಿ. ಮರಳಿ ತಂದುಕೊಡದವರೇ ಹೆಚ್ಚು.

ಸಕಲೇಶಪುರದ ಬೆಳೆಗಾರ: ನನ್ನ ದವಡೆಯ ತುಂಡನ್ನು ನಿಮಗೆ ಮರಳಿ ಕೊಡಬೇಕೇ?